ಕುಂಬಾರ, ಮಣ್ಣು ಮತ್ತು ನೇಮ: ಬೆಳಗಾವಿ–ಖಾನಾಪುರ ಪರಿಸರದ ಕ್ರೈಸ್ತಧರ್ಮದಲ್ಲಿ ಪೂರ್ವನಿಶ್ಚಯದ ಚರ್ಚೆ ಮತ್ತು ಶಾಸ್ತ್ರಾರ್ಥ

ಕರ್ನಾಟಕದ ಕ್ರೈಸ್ತ ಮಿಶನರಿಗಳನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಆದರೆ ಅದರ ಬಹುಭಾಗ ನಿಘಂಟು, ವ್ಯಾಕರಣ, ಮುದ್ರಣ, ಶಾಲೆ, ಪತ್ರಿಕೆ ಎಂಬ ವಲಯಗಳನ್ನು ದಾಟಿ ಹೋಗಿಲ್ಲ. ಕಿಟೆಲ್ಲರ ನಿಘಂಟು (1894), ಮೋಗ್ಲಿಂಗರ ಗ್ರಂಥಸಂಪಾದನೆ, ರೀವರ ಕೋಶ ಇವುಗಳ ಬಗೆಗೆ ನಮಗೆ ಬೇಕಾದಷ್ಟು ತಿಳಿದಿದೆ. ಈ ವಿದ್ವಾಂಸರು ಮೂಲತಃ ಯಾವ ಮಾತನ್ನು ಹೇಳಲು ಇಲ್ಲಿಗೆ ಬಂದರೋ ಆ ಮಾತನ್ನು ಮಾತ್ರ ನಾವು 'ಮತಪ್ರಚಾರ' ಎಂಬ ಒಂದೇ ಪದದಲ್ಲಿ ಕಟ್ಟಿ ಬದಿಗಿರಿಸಿದ್ದೇವೆ. ಆ ಗಂಟನ್ನು ಬಿಚ್ಚಿ ನೋಡಿದರೆ ಅದರೊಳಗೆ ಒಂದೇ ಮತವಿಲ್ಲ. ತಮ್ಮತಮ್ಮಲ್ಲಿಯೇ ಶತಮಾನಗಳ ಕಾಲ ವಾದಿಸಿದ ಹಲವು ಪಕ್ಷಗಳಿವೆ. ಅವುಗಳಲ್ಲಿ ಅತ್ಯಂತ ತೀವ್ರವಾದದ್ದು ಪೂರ್ವನಿಶ್ಚಯದ ವಾದ. ಮನುಷ್ಯನ ಮುಕ್ತಿಯೂ ನಾಶವೂ ಅವನು ಹುಟ್ಟುವುದಕ್ಕೆ ಮೊದಲೇ ದೇವರ ಸಂಕಲ್ಪದಲ್ಲಿ ನಿಶ್ಚಿತವಾಗಿವೆಯೇ, ಅಥವಾ ಕೃಪೆಯನ್ನು ಒಪ್ಪುವ ಇಲ್ಲವೆ ನಿರಾಕರಿಸುವ ಸ್ವಾತಂತ್ರ್ಯ ಅವನಿಗಿದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಬೆಳಗಾವಿಯನ್ನು ಈ ಪ್ರಶ್ನೆಗೆ ಕ್ಷೇತ್ರವಾಗಿ ಆಯ್ದುಕೊಂಡುದಕ್ಕೆ ಕಾರಣವಿದೆ. ಈ ವಾದದ ಎರಡು ಪ್ರತಿಪಕ್ಷಗಳ ಪರಂಪರೆಗೆ ಒಂದರ ನಂತರ ಒಂದರಂತೆ ಸೇರಿದ ಸಭೆಗಳು ಈ ನಗರದಲ್ಲಿವೆ. ಕನ್ನಡ, ಮರಾಠಿ, ಕೊಂಕಣಿಗಳು ಕೂಡುವ ಈ ಗಡಿನಾಡಿನಲ್ಲಿ ಒಂದೇ ವಾಕ್ಯವನ್ನು ಬೇರೆಬೇರೆ ಭಾಷೆಗಳ ಶಬ್ದಗಳಲ್ಲಿ ಓದುವ ಕ್ರೈಸ್ತರಿದ್ದಾರೆ. ಇಲ್ಲಿ ಬೈಬಲಿನ ಕನ್ನಡ ಶಬ್ದಗಳು ಈ ವಾದವನ್ನು ತೀರ್ಮಾನಿಸದೆ ತೆರೆದೇ ಇರಿಸಿದವು. ಇಲ್ಲಿಯ ಓದುಗರಿಗೆ ನಿಜವಾದ ಇಕ್ಕಟ್ಟು ಬಂದದ್ದು ಕಾಲ್ವಿನ್–ಅರ್ಮೀನಿಯಸ್ ಪಕ್ಷಗಳಿಂದಲ್ಲ, ಹುಟ್ಟು ಮತ್ತು ಕರ್ಮಗಳ ಪ್ರಶ್ನೆಯಿಂದ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ವಾದದ ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಐದನೆಯ ಶತಮಾನದಲ್ಲಿ ಅಗಸ್ಟೀನನು ಪೆಲೇಜಿಯಸನ ವಿರುದ್ಧ ಕೃಪೆಯ ಸರ್ವಸ್ವತಂತ್ರತೆಯನ್ನು ಸ್ಥಾಪಿಸಿದನು. ಸುಧಾರಣೆಯ ಕಾಲದಲ್ಲಿ ಎರಾಸ್ಮಸನು 1524ರಲ್ಲಿ ಮನುಷ್ಯೇಚ್ಛೆಯ ಪರವಾಗಿಯೂ ಲೂಥರನು 1525ರಲ್ಲಿ ಅದರ ವಿರುದ್ಧವಾಗಿಯೂ ಬರೆದರು. ಕಾಲ್ವಿನನು ಈ ವಿಚಾರಕ್ಕೆ ಶಾಸ್ತ್ರೀಯ ಕಟ್ಟಡವನ್ನು ಒದಗಿಸಿದನು. ಡಚ್ ಪಂಡಿತ ಅರ್ಮೀನಿಯಸನ ಅನುಯಾಯಿಗಳು 1610ರಲ್ಲಿ ಐದು ಸೂತ್ರಗಳ ಆಕ್ಷೇಪಣೆಯನ್ನು ಸಲ್ಲಿಸಿದರು; ಡಾರ್ಟ್ ನಗರದ ಸಭೆ (1618–19) ಅದನ್ನು ತಳ್ಳಿಹಾಕಿತು. ಇಂಗ್ಲೆಂಡಿನ ಸ್ವತಂತ್ರ ಸಭೆಗಳವರು, ಎಂದರೆ ಕಾಂಗ್ರಿಗೇಷನಲಿಸ್ಟರು, 1658ರ ತಮ್ಮ ಸವಾಯ್ ಪ್ರಕಟಣೆಯಲ್ಲಿ ಈ ವಿಷಯದ ಮಟ್ಟಿಗೆ ಕಾಲ್ವಿನ್ ಪಕ್ಷದಲ್ಲಿಯೇ ನಿಂತರು. 1739ರಲ್ಲಿ ಜಾನ್ ವೆಸ್ಲಿಯು ಕೃಪೆ ಎಲ್ಲರಿಗೂ ಉಚಿತವೆಂದು ಸಾರಿದಾಗ ಆತನ ಆಪ್ತಮಿತ್ರ ವಿಟ್‌ಫೀಲ್ಡನೇ ಬಹಿರಂಗವಾಗಿ ವಿರೋಧಿಸಿದನು.

ಕನ್ನಡನಾಡಿನ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದುದು 18ನೆಯ ಶತಮಾನದ ಕೊನೆಯ ಒಂದು ತಿರುವು. ಆರಿಸಲ್ಪಟ್ಟವರು ಮೊದಲೇ ನಿಶ್ಚಿತರಾಗಿದ್ದರೆ ದೂರದೇಶಗಳಿಗೆ ಹೋಗಿ ಬೋಧಿಸುವುದೇಕೆ ಎಂಬ ಪ್ರಶ್ನೆ ಕಾಲ್ವಿನ್ ಪಕ್ಷದ ಕೆಲವು ಸಭೆಗಳನ್ನು ನಿಷ್ಕ್ರಿಯಗೊಳಿಸಿತ್ತು. ಬ್ಯಾಪ್ಟಿಸ್ಟ್ ಬೋಧಕ ಆಂಡ್ರ್ಯೂ ಫುಲ್ಲರನು 1785ರಲ್ಲಿ ಇದಕ್ಕೆ ಉತ್ತರ ಬರೆದನು. ದೇವರ ಸಂಕಲ್ಪ ಏನೇ ಇರಲಿ, ಕೇಳಿದವರೆಲ್ಲರೂ ನಂಬುವ ಕರ್ತವ್ಯಕ್ಕೆ ಬದ್ಧರು. ಆದುದರಿಂದ ಎಲ್ಲರಿಗೂ ಹೇಳುವುದು ಬೋಧಕನ ಕರ್ತವ್ಯ. ಈ ನೆಲೆಯ ಮೇಲೆ ನಿಂತೇ ವಿಲಿಯಂ ಕೇರಿ 1792ರಲ್ಲಿ ತನ್ನ ವಿಚಾರಣೆಯನ್ನು ಪ್ರಕಟಿಸಿದನು. ಅದೇ ಕೇರಿ 1817ರಲ್ಲಿ ಕನ್ನಡಕ್ಕೆ ಒಂದು ವ್ಯಾಕರಣವನ್ನೂ ಬರೆದನೆಂಬುದನ್ನು ನಾವು ಭಾಷಾಚರಿತ್ರೆಯಲ್ಲಿ ಓದುತ್ತೇವೆ. ಆ ವ್ಯಾಕರಣದ ಹಿಂದೆ ಪೂರ್ವನಿಶ್ಚಯವಾದದ ಒಂದು ತೊಡಕನ್ನು ಬಿಡಿಸಿದ ಬಿಡುಗಡೆಯಿದೆಯೆಂಬುದನ್ನು ಓದುವುದಿಲ್ಲ.

ಬೆಳಗಾವಿಯಲ್ಲಿ ಪ್ರೊಟೆಸ್ಟೆಂಟ್ ಮಿಶನ್ ಆರಂಭವಾದುದು 1820ರಲ್ಲಿ. ಪೇಶ್ವೆಯ ಆಳಿಕೆ ಮುಗಿದು ಈ ಪ್ರದೇಶ ಕಂಪನಿಯ ವಶವಾಗಿ ಎರಡು ವರ್ಷಗಳಾಗಿದ್ದವು. ನಗರದ ಪಕ್ಕದಲ್ಲಿ ದಂಡು ಬೀಡುಬಿಟ್ಟಿತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ 1810ರಿಂದ ನಡೆಸುತ್ತಿದ್ದ ಲಂಡನ್ ಮಿಶನರಿ ಸೊಸೈಟಿಯ ಕೇಂದ್ರದಿಂದ ಜೋಸೆಫ್ ಟೇಲರ್ ಇಲ್ಲಿಗೆ ಬಂದರು. ಮುಂದೆ ವಿಲಿಯಂ ಬೈನನ್ ಅವರನ್ನು ಕೂಡಿಕೊಂಡು ದೀರ್ಘಕಾಲ ದುಡಿದರು. ಬೈನನ್ ಸ್ಮಿತ್ ಪ್ರೌಢಶಾಲೆಯ ಹೆಸರಿನಲ್ಲಿ ಅವರ ನೆನಪು ನಗರದಲ್ಲಿ ಉಳಿದಿದೆ. ದಂಡಿನೊಂದಿಗೆ ಬಂದ ತಮಿಳರು, ಪೇಟೆಯ ಮರಾಠಿಗರು, ಸುತ್ತಲಿನ ಹಳ್ಳಿಗಳ ಕನ್ನಡಿಗರು ಹೀಗೆ ಹಲವು ಭಾಷೆಗಳಲ್ಲಿ ಈ ಮಿಶನ್ ಕೆಲಸ ಮಾಡಬೇಕಾಯಿತು.

ಲಂಡನ್ ಮಿಶನರಿ ಸೊಸೈಟಿಯ ಸ್ವರೂಪವನ್ನು ಇಲ್ಲಿ ಗಮನಿಸಬೇಕು. 1795ರಲ್ಲಿ ಅದನ್ನು ಸ್ಥಾಪಿಸಿದವರಲ್ಲಿ ಕಾಲ್ವಿನ್ ಪರಂಪರೆಯವರೇ ಹೆಚ್ಚು. ಆದರೆ 1796ರ ಅದರ ಮೂಲತತ್ತ್ವ ಒಂದು ವಿಚಿತ್ರ ಸಂಯಮವನ್ನು ವಿಧಿಸಿಕೊಂಡಿತು. ಯಾವುದೇ ಒಂದು ಸಭಾವ್ಯವಸ್ಥೆಯನ್ನು ಹೊರದೇಶಗಳಿಗೆ ಕಳುಹಿಸುವುದು ತನ್ನ ಉದ್ದೇಶವಲ್ಲ, ಸುವಾರ್ತೆಯನ್ನು ಮಾತ್ರ ಕಳುಹಿಸುವುದು, ವ್ಯವಸ್ಥೆಯನ್ನು ನಂಬಿದವರೇ ನಿರ್ಣಯಿಸಿಕೊಳ್ಳಬೇಕು ಎಂಬುದು ಆ ತತ್ತ್ವದ ತಿರುಳು. ತತ್ತ್ವ ಸಭಾವ್ಯವಸ್ಥೆಗೆ ಸಂಬಂಧಿಸಿದ್ದು, ಸಿದ್ಧಾಂತಕ್ಕಲ್ಲ ಎಂದು ವಾದಿಸಬಹುದು. ಆದರೂ ಸ್ವದೇಶದ ಪಕ್ಷಭೇದಗಳನ್ನು ಹಡಗಿನಲ್ಲಿ ಹೇರಿಕೊಂಡು ಬರಬಾರದೆಂಬ ಮನೋಧರ್ಮವನ್ನು ಅದು ಬೆಳೆಸಿತು.

1904ರಲ್ಲಿ ಈ ಸೊಸೈಟಿಯು ಬೆಳಗಾವಿಯ ತನ್ನ ಕ್ಷೇತ್ರವನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ವಹಿಸಿಕೊಟ್ಟಿತು. ಆಡಳಿತದ ದೃಷ್ಟಿಯಿಂದ ಇದೊಂದು ಹಸ್ತಾಂತರ. ಸಿದ್ಧಾಂತದ ದೃಷ್ಟಿಯಿಂದ ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟಿದಂತೆ. ಮೆಥೊಡಿಸ್ಟರು ವೆಸ್ಲಿಯ ವಂಶದವರು. ಆಂಗ್ಲಿಕನ್ ಸಭೆಯ 39 ವಿಧಿಗಳಲ್ಲಿ 17ನೆಯದು ಪೂರ್ವನಿಶ್ಚಯವನ್ನು ಕುರಿತದ್ದು. ಅಮೆರಿಕದ ಮೆಥೊಡಿಸ್ಟರಿಗಾಗಿ 1784ರಲ್ಲಿ ಆ ವಿಧಿಗಳನ್ನು ಸಂಕ್ಷೇಪಿಸಿದಾಗ ವೆಸ್ಲಿಯು ಈ 17ನೆಯದನ್ನು ಪೂರ್ತಿಯಾಗಿ ಬಿಟ್ಟನು. ಬೆಳಗಾವಿಯ ದಂಡಿನಲ್ಲಿ 1869ರಲ್ಲಿ ಪ್ರತಿಷ್ಠಿತವಾದ ಸೇಂಟ್ ಮೇರಿ ಚರ್ಚು ಆಂಗ್ಲಿಕನ್ ಪರಂಪರೆಯದು. ಹಾಗಾಗಿ 1904ರ ನಂತರ ಒಂದೇ ನಗರದಲ್ಲಿ 17ನೆಯ ವಿಧಿ ಇರುವ ಸಭೆಯೂ ಅದಿಲ್ಲದ ಸಭೆಯೂ ಅಕ್ಕಪಕ್ಕದಲ್ಲಿ ಆರಾಧನೆ ನಡೆಸುವಂತಾಯಿತು.

ಇಷ್ಟಾದರೂ ಈ ದಾಟುವಿಕೆ ಬೆಳಗಾವಿಯಲ್ಲಿ ದೊಡ್ಡ ಸಿದ್ಧಾಂತಕಲಹವನ್ನು ಎಬ್ಬಿಸಲಿಲ್ಲ. ಇಂಗ್ಲೆಂಡಿನಲ್ಲಿಯೇ ಆ ಹೊತ್ತಿಗೆ ಕಾಂಗ್ರಿಗೇಷನಲಿಸ್ಟರ ಕಾಲ್ವಿನ್‌ನಿಷ್ಠೆ ಸಾಕಷ್ಟು ಮೆತ್ತಗಾಗಿತ್ತು. ಹೇಳಿದ ತತ್ತ್ವದ ಸಂಯಮವೂ ಇತ್ತು. ಇವೆರಡಕ್ಕಿಂತ ಬಲವಾದ ಕಾರಣ, ಬೈಬಲು ಬದಲಾಗಲಿಲ್ಲ ಎಂಬುದು. ಹ್ಯಾಂಡ್ಸರ ಅನುವಾದ 1830ರ ದಶಕದ ಆರಂಭಕ್ಕೆ ಪೂರ್ಣವಾಗಿತ್ತು. ಅದರ ಪರಿಷ್ಕರಣದಲ್ಲಿ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆಯವರ ಪಾಲು ದೊಡ್ಡದು. ಲಂಡನ್ ಮಿಶನ್ ಮತ್ತು ವೆಸ್ಲಿಯನ್ ಮಿಶನ್ನಿನವರೂ ಅದರಲ್ಲಿ ಕೂಡಿಕೊಂಡರು. ಎಂದರೆ ಲೂಥರನ ಮತ್ತು ಕಾಲ್ವಿನನ ಎರಡೂ ಎಳೆಗಳಿದ್ದ ಭಕ್ತಿಪಂಥದ ಬಾಸೆಲಿನವರು, ಕಾಲ್ವಿನ್ ಮೂಲದ ಲಂಡನ್ನಿನವರು, ಅರ್ಮೀನಿಯಸ್ ಪಕ್ಷದ ವೆಸ್ಲಿಯನ್ನರು ಒಂದೇ ಕನ್ನಡ ಪಾಠವನ್ನು ಒಪ್ಪಿಕೊಳ್ಳಬೇಕಾಗಿತ್ತು. ಪಕ್ಷದ ವಾಸನೆ ಬಡಿಯುವ ಶಬ್ದವನ್ನು ಯಾರು ತಂದರೂ ಉಳಿದವರು ಆಕ್ಷೇಪಿಸುವ ಸ್ಥಿತಿ ಇದು.

ಖಾನಾಪುರದ ಸ್ಥಿತಿ ಬೇರೆ. ಗೋವೆಯ ಗಡಿಗೆ ತಾಗಿದ ಈ ತಾಲೂಕಿನಲ್ಲಿ, ಲೋಂಡಾ ರೈಲುದಾರಿಯ ನೆಲೆಗಳನ್ನೂ ಒಳಗೊಂಡು, ಕೊಂಕಣಿಯ ಕೆಥೊಲಿಕ್ ಕುಟುಂಬಗಳಿವೆ. ಬೆಳಗಾವಿ ಧರ್ಮಪ್ರಾಂತ 1953ರಲ್ಲಿ ರಚಿತವಾಯಿತು. ಕೆಥೊಲಿಕರಿಗೆ ಈ ವಿಷಯದ ಮೇರೆಯನ್ನು ಟ್ರೆಂಟ್ ಪರಿಷತ್ತು 1547ರ ತನ್ನ ನಿರ್ಣಯದಲ್ಲಿ ಹಾಕಿಕೊಟ್ಟಿದೆ. ಆದಾಮನ ಪತನದಿಂದ ಮನುಷ್ಯೇಚ್ಛೆ ದುರ್ಬಲವಾಯಿತೇ ಹೊರತು ನಂದಿಹೋಗಲಿಲ್ಲ. ತಾನು ಆರಿಸಲ್ಪಟ್ಟವನೆಂದು ವಿಶೇಷ ಪ್ರಕಟಣೆಯಿಲ್ಲದೆ ಯಾರೂ ನಿಶ್ಚಯವಾಗಿ ಹೇಳಿಕೊಳ್ಳುವಂತಿಲ್ಲ. ಶಾಸ್ತ್ರಾರ್ಥ ಸಭೆಯ ಅಧಿಕಾರಕ್ಕೆ ಒಳಪಟ್ಟಿದ್ದರಿಂದ ಈ ವಾದ ಅಲ್ಲಿ ಬೋಧಕರ ಶಾಲೆಗಳ ವಿಷಯವಾಗಿ ಉಳಿಯಿತು. ಬೈಬಲನ್ನು ಪ್ರತಿಯೊಬ್ಬನ ಕೈಗಿತ್ತು ಓದು ಎಂದ ಪ್ರೊಟೆಸ್ಟೆಂಟರಲ್ಲಿ ಮಾತ್ರ ಅದು ಓದುಗನ ವಿಷಯವಾಯಿತು. ಆದುದರಿಂದ ಮುಂದಿನ ಚರ್ಚೆ ಆ ಓದುಗನ ಸುತ್ತಲೇ ನಡೆಯುತ್ತದೆ.

ಮೂಲದಲ್ಲಿ ವಾದವೆಲ್ಲ ಎರಡು ಗ್ರೀಕ್ ಕ್ರಿಯಾಪದಗಳ ಸುತ್ತ ತಿರುಗುತ್ತದೆ. ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ 8ನೆಯ ಅಧ್ಯಾಯದ 29ನೆಯ ವಚನದಲ್ಲಿ ಅವು ಜೊತೆಯಾಗಿ ಬರುತ್ತವೆ. ಮೊದಲನೆಯದಕ್ಕೆ 'ಮುಂಚಿತವಾಗಿ ಅರಿ' ಎಂದೂ ಎರಡನೆಯದಕ್ಕೆ 'ಮುಂಚಿತವಾಗಿ ಎಲ್ಲೆ ಗುರುತಿಸು' ಎಂದೂ ಪದಶಃ ಅರ್ಥ. ಅರ್ಮೀನಿಯಸ್ ಪಕ್ಷದವರು ಮೊದಲನೆಯ ಪದವನ್ನು ಹಿಡಿಯುತ್ತಾರೆ. ಯಾರು ನಂಬುವರೆಂಬುದನ್ನು ದೇವರು ಮುಂಚಿತವಾಗಿ ಕಂಡನು, ಕಂಡವರನ್ನು ನಿಯಮಿಸಿದನು. ಅರಿವು ಮುಂದೆ, ನಿಯಮನ ಹಿಂದೆ. ಕಾಲ್ವಿನ್ ಪಕ್ಷದವರು ಅರಿವೆಂಬುದು ಇಲ್ಲಿ ಬರಿಯ ಮಾಹಿತಿಯಲ್ಲ, ಹೀಬ್ರೂ ಸಂಪ್ರದಾಯದಂತೆ 'ತನ್ನದೆಂದು ಕೈಹಿಡಿ' ಎಂಬ ಅರ್ಥವುಳ್ಳದ್ದು ಎನ್ನುತ್ತಾರೆ. ಆಗ ಅರಿಯುವುದೇ ಆರಿಸುವುದಾಗುತ್ತದೆ.

ಕನ್ನಡದ ಬೋಧಕನು ಇದನ್ನು ಆಡುಮಾತಿನಲ್ಲಿ ವಿವರಿಸಹೊರಟರೆ ಅವನಿಗೆ ಒದಗುವ ಪದ 'ಗೊತ್ತು'. ಈ ಪದದ ಸ್ವಭಾವವೇ ಕುತೂಹಲಕರವಾದುದು. 'ವಿಷಯ ಗೊತ್ತಾಯಿತು' ಎಂದರೆ ತಿಳಿಯಿತು. 'ಮದುವೆ ಗೊತ್ತಾಯಿತು' ಎಂದರೆ ನಿಶ್ಚಯವಾಯಿತು. 'ದೇವರಿಗೆ ಮೊದಲೇ ಗೊತ್ತಿತ್ತು' ಎಂದರೆ ವೆಸ್ಲಿ ತಲೆದೂಗುತ್ತಾನೆ. 'ದೇವರು ಮೊದಲೇ ಗೊತ್ತುಮಾಡಿದ' ಎಂದರೆ ಕಾಲ್ವಿನ್. ಯುರೋಪಿನ ಪಂಡಿತರು ಎರಡು ಪಾಳೆಯಗಳಾಗಿ ಒಡೆದ ಅರ್ಥಗಳನ್ನು ಕನ್ನಡದ ಒಂದು ಪದ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಇದನ್ನು ಅಸ್ಪಷ್ಟತೆಯೆಂದು ಹಳಿಯುವುದು ಸರಿಯಲ್ಲ. ಅರಿವು ಮತ್ತು ನಿಶ್ಚಯಗಳನ್ನು ಬೇರ್ಪಡಿಸಿಯೇ ಯೋಚಿಸಬೇಕೆಂಬ ಒತ್ತಾಯ ಈ ಭಾಷೆಗಿಲ್ಲ, ಅಷ್ಟೆ. ಮರಾಠಿ ಬೈಬಲನ್ನು ಓದುವವನಿಗಾದರೋ 'ಪೂರ್ವಜ್ಞಾನ' ಎಂಬ ಸಮಾಸ ಪರಿಚಿತ. ಅದರಲ್ಲಿ ಜ್ಞಾನವೇ ಮುಂದಾಗಿ ನಿಂತಿದೆ. ವೆಸ್ಲಿಯ ಅರ್ಥಕ್ಕೆ ಅದು ಸುಲಭವಾಗಿ ಒಲಿಯುತ್ತದೆ. ಖಾನಾಪುರ ಭಾಗದಲ್ಲಿ ಎರಡೂ ಭಾಷೆ ಬಲ್ಲ ಓದುಗನು ಒಂದು ಗ್ರಂಥವನ್ನು ಮುಚ್ಚಿ ಇನ್ನೊಂದನ್ನು ತೆರೆದಾಗ ಸಿದ್ಧಾಂತದ ತೂಕ ಕೊಂಚ ವಾಲುತ್ತದೆ.

ಎರಡನೆಯ ಗ್ರೀಕ್ ಪದಕ್ಕೆ ಕನ್ನಡ ಸತ್ಯವೇದವು 'ನೇಮಿಸು' ಎಂಬ ಪದವನ್ನು ಬಳಸಿದೆ. ಅನುವಾದಕರ ಮುಂದೆ ಬೇರೆ ಪದಗಳಿರಲಿಲ್ಲವೆಂದಲ್ಲ. ವಿಧಿ, ದೈವ, ಹಣೆಬರಹ, ಪ್ರಾಪ್ತಿ ಎಲ್ಲವೂ ಜನರ ನಾಲಿಗೆಯ ಮೇಲಿದ್ದವು. ಅವುಗಳನ್ನು ಬಿಟ್ಟು ನೇಮವನ್ನು ಹಿಡಿದದ್ದು ವಿವೇಕದ ಆಯ್ಕೆಯೆಂದು ನನ್ನ ಅಭಿಪ್ರಾಯ. ಹಣೆಬರಹ ಬರೆದ ಮೇಲೆ ಬರೆದವನಿಗೂ ಬರೆಸಿಕೊಂಡವನಿಗೂ ಸಂಬಂಧವಿಲ್ಲ. ಬ್ರಹ್ಮನೂ ಅದನ್ನು ಅಳಿಸಲಾರ. ನೇಮಿಸುವವನಿಗೂ ನೇಮಕಗೊಂಡವನಿಗೂ ಸಂಬಂಧ ಮುಂದುವರಿಯುತ್ತದೆ. ನೇಮಕವಾಗುವುದು ಒಂದು ಕೆಲಸಕ್ಕೆ, ಒಂದು ಹೊಣೆಗೆ. 'ನೇಮ' ಎಂದರೆ ವ್ರತವೂ ಹೌದು. ಯಾವುದಕ್ಕೆ ನೇಮಿಸಿದನೆಂದು ಕೇಳಿದರೆ ಪೌಲನ ವಾಕ್ಯ ಸ್ವರ್ಗವನ್ನಾಗಲಿ ನರಕವನ್ನಾಗಲಿ ಹೆಸರಿಸುವುದಿಲ್ಲ. ಕ್ರಿಸ್ತನ ಹೋಲಿಕೆಯನ್ನು ಪಡೆಯುವುದಕ್ಕೆ ಎನ್ನುತ್ತದೆ. ಅಲ್ಲಿ ಸತ್ಯವೇದವು ಬಳಸಿದ ಪದ 'ಸಾರೂಪ್ಯ'. ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯ ಎಂಬ ನಾಲ್ಕು ಮುಕ್ತಿಗಳ ಸಾಲಿನಿಂದ ಎತ್ತಿದ ಪಾರಿಭಾಷಿಕ ಪದವಿದು. ಸಾಯುಜ್ಯವನ್ನು ಮುಟ್ಟದೆ ಸಾರೂಪ್ಯದಲ್ಲಿ ನಿಂತದ್ದರಿಂದ ದೇವ–ಮನುಷ್ಯ ಭೇದವೂ ಉಳಿಯಿತು, ಶೈವ ವೈಷ್ಣವ ಓದುಗರಿಗೆ ಪರಿಚಿತವಾದ ದಾರಿಯೂ ತೆರೆಯಿತು. ಮುಕ್ತಿಯ ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬ ಕುತೂಹಲದಿಂದ ಮುಕ್ತಿಯ ಸ್ವರೂಪವೇನು ಎಂಬ ವಿಚಾರದ ಕಡೆಗೆ ಓದುಗನ ಗಮನವನ್ನು ಈ ಒಂದು ಪದ ಹೊರಳಿಸಬಲ್ಲದು.

ಆದರೆ ಅದೇ ಪತ್ರಿಕೆಯ 9ನೆಯ ಅಧ್ಯಾಯಕ್ಕೆ ಬಂದಾಗ ಯಾವ ಮೃದುಪದವೂ ನೆರವಿಗೆ ಬರುವುದಿಲ್ಲ. ಇಸಾಕನಿಂದ ರೆಬೆಕ್ಕಳ ಗರ್ಭದಲ್ಲಿ ಅವಳಿಮಕ್ಕಳಿದ್ದರು. ಅವರಿನ್ನೂ ಹುಟ್ಟಿರಲಿಲ್ಲ, ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡಿರಲಿಲ್ಲ. ಆಗಲೇ ಹಿರಿಯನು ಕಿರಿಯನಿಗೆ ಸೇವಕನಾಗುವನೆಂದು ತಾಯಿಗೆ ತಿಳಿಸಲಾಯಿತು. ಯಾಕೋಬನು ಆರಿಸಲ್ಪಟ್ಟನು, ಏಸಾವನು ತಳ್ಳಲ್ಪಟ್ಟನು. ಜಿನೀವಾದಲ್ಲಿ ಇದನ್ನು ಓದುವುದು ಬೇರೆ, ಬೆಳಗಾವಿಯಲ್ಲಿ ಓದುವುದು ಬೇರೆ.

ಕರ್ಮಸಿದ್ಧಾಂತದ ವಿರುದ್ಧ ಬೋಧಕರ ಕೈಯಲ್ಲಿ ಈ ವಚನ ಹರಿತವಾದ ಆಯುಧವಾಗಬಲ್ಲದು. ಹುಟ್ಟಿನ ಏರುಪೇರಿಗೆ ಪೂರ್ವಜನ್ಮದ ಪುಣ್ಯಪಾಪಗಳೇ ಕಾರಣವೆಂಬ ವಿವರಣೆಯನ್ನು ಅದು ಒಂದೇ ಏಟಿಗೆ ಕಡಿಯುತ್ತದೆ: ಏನನ್ನೂ ಮಾಡುವುದಕ್ಕೆ ಮೊದಲೇ, ಎನ್ನುತ್ತದೆ ಪೌಲನ ಮಾತು. ಕೀಳೆಂದು ಕರೆಯಲ್ಪಟ್ಟ ಕುಲದಲ್ಲಿ ಹುಟ್ಟಿದವನಿಗೆ, ನಿನ್ನ ಹುಟ್ಟು ನಿನ್ನ ಹಳೆಯ ಪಾಪದ ಸಂಬಳವಲ್ಲ ಎಂದು ಹೇಳುವ ಶಾಸ್ತ್ರವಾಕ್ಯ ಸಣ್ಣ ವಸ್ತುವಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಮೆಥೊಡಿಸ್ಟ್ ಸಭೆಗಳಿಗೆ ಬಂದವರಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಬಹಳ. ಆದರೆ ಆಯುಧಕ್ಕೆ ಎರಡು ಬಾಯಿ. ಮಾಡಿದ್ದಕ್ಕಲ್ಲದೆ ಹುಟ್ಟುವುದಕ್ಕೆ ಮೊದಲೇ ಒಬ್ಬನನ್ನು ಒಡೆಯನನ್ನಾಗಿಯೂ ಮತ್ತೊಬ್ಬನನ್ನು ಆಳನ್ನಾಗಿಯೂ ನಿಶ್ಚಯಿಸುವ ದೇವರು, ಜಾತಿಯನ್ನು ನಿಶ್ಚಯಿಸುವ ವಿಧಿಗಿಂತ ಹೇಗೆ ಭಿನ್ನ? ಕರ್ಮವಾದದಲ್ಲಿ ಕಾರಣವೆಂಬುದೊಂದಾದರೂ ಇತ್ತು. ಅನ್ಯಾಯವೆನಿಸಿದರೂ ಅದು ಲೆಕ್ಕದ ಅನ್ಯಾಯ. ಇಲ್ಲಿ ಲೆಕ್ಕವೂ ಇಲ್ಲ. ಪೌಲನಿಗೇ ಈ ಆಕ್ಷೇಪ ಗೊತ್ತಿತ್ತು. ದೇವರಲ್ಲಿ ಅನ್ಯಾಯವಿದೆಯೇ ಎಂಬ ಪೂರ್ವಪಕ್ಷವನ್ನು ಅವನೇ ಎತ್ತುತ್ತಾನೆ.

ಈ ಪೂರ್ವಪಕ್ಷ ಕನ್ನಡ ನೆಲಕ್ಕೆ ಹೊಸದಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ 'ಹೇಳಬೇಕು. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಪಲಾಶಿಕಾ. ಅಲ್ಲಿಯ ತಾಮ್ರಶಾಸನಗಳಲ್ಲಿ ಮೃಗೇಶವರ್ಮನು ಯಾಪನೀಯ, ನಿರ್ಗ್ರಂಥ, ಕೂರ್ಚಕರೆಂಬ ಜೈನಸಂಘಗಳಿಗೆ ದತ್ತಿ ಬಿಟ್ಟ ಸಂಗತಿಯಿದೆ. ಜೈನತತ್ತ್ವದಲ್ಲಿ ಜೀವಗಳು ಭವ್ಯ, ಅಭವ್ಯ ಎಂದು ಎರಡು ಬಗೆ. ಅಭವ್ಯ ಜೀವ ಎಷ್ಟು ತಪಸ್ಸು ಮಾಡಿದರೂ ಮೋಕ್ಷಕ್ಕೆ ಯೋಗ್ಯವಾಗದು, ಅದು ಅದರ ಸ್ವಭಾವ. ಅದೇ ಜೈನರೊಳಗೆ ಯಾಪನೀಯರು ಸ್ತ್ರೀಗೂ ಆ ಜನ್ಮದಲ್ಲಿಯೇ ಮುಕ್ತಿಯುಂಟೆಂದು ವಾದಿಸಿದರು. 9ನೆಯ ಶತಮಾನದ ಶಾಕಟಾಯನನು ಅದಕ್ಕಾಗಿ ಒಂದು ಪ್ರಕರಣಗ್ರಂಥವನ್ನೇ ರಚಿಸಿದನು. ಯಾರಿಗೆ ಬಾಗಿಲು ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬ ಚರ್ಚೆಯನ್ನು ನಡೆಸಿದ ಸಂಘದವರಿಗೆ ಇದೇ ತಾಲೂಕಿನ ನೆಲದಲ್ಲಿ ಐದನೆಯ ಶತಮಾನದಲ್ಲಿಯೇ ಆಶ್ರಯ ಸಿಕ್ಕಿತ್ತು.

ಮಧ್ವಾಚಾರ್ಯರ ಜೀವತ್ರೈವಿಧ್ಯ ಇನ್ನೂ ಸಮೀಪದ್ದು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ವಿಭಾಗವನ್ನು ಕಂಡ ಪಾಶ್ಚಾತ್ಯ ವಿದ್ವಾಂಸರಿಗೆ ಕಾಲ್ವಿನನ ನೆನಪಾದುದು ಸಹಜ. ಗ್ರಿಯರ್ಸನ್‌ರಂಥವರು ಮಧ್ವಮತದಲ್ಲಿ ಕ್ರೈಸ್ತ ಪ್ರಭಾವವನ್ನೂ ಊಹಿಸಿದರು, ಬಿ.ಎನ್.ಕೆ. ಶರ್ಮರು ಅದನ್ನು ಖಂಡಿಸಿದರು. ಶರ್ಮರ ಪಕ್ಷವೇ ಸರಿ. ಸಾಮ್ಯ ಮೇಲುಮೇಲಿನದು. ಮಧ್ವರಲ್ಲಿ ಭೇದಕ್ಕೆ ಮೂಲ ಜೀವದ ಅನಾದಿ ಸ್ವರೂಪಯೋಗ್ಯತೆ; ದೇವರು ಅದನ್ನು ಅರಳಿಸುತ್ತಾನೆ, ಉಂಟುಮಾಡುವುದಿಲ್ಲ. ಕಾಲ್ವಿನನಲ್ಲಿ ಜೀವಗಳೆಲ್ಲ ಪತಿತವಾಗಿ ಸಮಾನ. ಭೇದ ದೇವರ ಇಚ್ಛೆಯೊಂದರಿಂದಲೇ. ಮಧ್ವರ ದೇವರ ಮೇಲೆ ಪಕ್ಷಪಾತದ ಆರೋಪ ಬರದಂತೆ ಯೋಗ್ಯತೆ ತಡೆಯುತ್ತದೆ, ಕಾಲ್ವಿನನ ದೇವರಿಗೆ ಆ ತಡೆಗೋಡೆಯಿಲ್ಲ. ಶ್ರೀವೈಷ್ಣವರ ಮರ್ಕಟ–ಮಾರ್ಜಾಲ ನ್ಯಾಯಗಳು ಇದಕ್ಕಿಂತ ಒಳ್ಳೆಯ ಹೋಲಿಕೆ. ಮರಿ ತಾಯಿಯನ್ನು ಅಪ್ಪಿ ಹಿಡಿಯಬೇಕೇ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವುದೇ ಎಂಬುದು ನಿಜವಾಗಿ ಕೃಪೆಯ ಪ್ರಶ್ನೆ. ಜರ್ಮನ್ ವಿದ್ವಾಂಸ ರುಡಾಲ್ಫ್ ಓಟ್ಟೊ 1930ರ ತನ್ನ ಗ್ರಂಥದಲ್ಲಿ ಭಾರತದ ಕೃಪಾಧರ್ಮವನ್ನು ಕ್ರೈಸ್ತಧರ್ಮದ ಜೊತೆಗಿಟ್ಟು ಪರಿಶೀಲಿಸಿದ್ದಾನೆ.

ಪೂರ್ವಪಕ್ಷಕ್ಕೆ ಪೌಲನು ಕೊಡುವ ಉತ್ತರ ಕುಂಬಾರನ ದೃಷ್ಟಾಂತ. ಒಂದೇ ಮುದ್ದೆಯಿಂದ ಒಂದು ಪಾತ್ರೆಯನ್ನು ಗೌರವದ ಬಳಕೆಗೂ ಇನ್ನೊಂದನ್ನು ಹೀನವಾದ ಬಳಕೆಗೂ ಮಾಡುವ ಅಧಿಕಾರ ಕುಂಬಾರನಿಗಿಲ್ಲವೇ ಎಂದು ಅವನು ಕೇಳುತ್ತಾನೆ. ಕಾಲ್ವಿನ್ ಪಕ್ಷದ ವ್ಯಾಖ್ಯಾನದಲ್ಲಿ ಇದು ವಾದದ ಕೊನೆಯ ಮೊಳೆ: ಮಣ್ಣು ಮಾತಾಡಬಾರದು. ಆದರೆ ಈ ದೃಷ್ಟಾಂತ ಪೌಲನ ಸ್ವಂತದ್ದಲ್ಲ. ಯೆಶಾಯ, ಯೆರೆಮೀಯ ಪ್ರವಾದಿಗಳಿಂದ ಬಂದದ್ದು. ಯೆರೆಮೀಯನ 18ನೆಯ ಅಧ್ಯಾಯದಲ್ಲಿ ಪ್ರವಾದಿಯು ಕುಂಬಾರನ ಮನೆಗೆ ಹೋಗಿ ತಿಗರಿಯ ಮುಂದೆ ನಿಂತು ನೋಡುತ್ತಾನೆ. ಮಾಡುತ್ತಿದ್ದ ಪಾತ್ರೆ ಕೈಯಲ್ಲಿಯೇ ಕೆಡುತ್ತದೆ. ಕುಂಬಾರನು ಆ ಮಣ್ಣನ್ನು ಎಸೆಯುವುದಿಲ್ಲ; ಅದನ್ನೇ ಮತ್ತೆ ಮುದ್ದೆ ಮಾಡಿ ಬೇರೊಂದು ಪಾತ್ರೆಯನ್ನು ತಿರುವುತ್ತಾನೆ. ಅದರ ತಾತ್ಪರ್ಯವನ್ನೂ ಪ್ರವಾದಿ ಮರೆಮಾಚುವುದಿಲ್ಲ. ಕೆಡವುವೆನೆಂದು ಹೇಳಿದ ಜನಾಂಗ ತಿರುಗಿಕೊಂಡರೆ ದೇವರೂ ತನ್ನ ಮಾತಿನಿಂದ ತಿರುಗುವನು; ಕಟ್ಟುವೆನೆಂದು ಹೇಳಿದ ಜನಾಂಗ ಕೆಟ್ಟರೆ ಆಗಲೂ ತಿರುಗುವನು. ಇಲ್ಲಿ ಕುಂಬಾರನ ಸ್ವಾತಂತ್ರ್ಯವೆಂದರೆ ತೀರ್ಪನ್ನು ಬದಲಿಸುವ ಸ್ವಾತಂತ್ರ್ಯ. ಪೌಲನ ವಾಚಕರು ಈ ಪ್ರವಾದನೆಯನ್ನು ಬಲ್ಲವರು. ಅದನ್ನು ಬಿಟ್ಟು 9ನೆಯ ಅಧ್ಯಾಯವನ್ನು ಓದಿದ ವ್ಯಾಖ್ಯಾನಕಾರರು ದೃಷ್ಟಾಂತದ ಅರ್ಧವನ್ನಷ್ಟೇ ಓದಿದರು.

ಖಾನಾಪುರದಲ್ಲಿ ಈ ದೃಷ್ಟಾಂತಕ್ಕೆ ಟಿಪ್ಪಣಿ ಬೇಕಾಗಿಲ್ಲ. ಮಲಪ್ರಭೆಯ ಈ ಸೀಮೆ ಮಣ್ಣಿನ ಕೆಲಸಕ್ಕೆ, ಹಂಚು ಇಟ್ಟಿಗೆಗಳಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಕೇಂದ್ರ ತರಬೇತಿ ಸಂಸ್ಥೆಯೂ ಇಲ್ಲಿದೆ. ಕಸುಬು ಬಲ್ಲವನಿಗೆ ಮಣ್ಣು ನಿರ್ಗುಣ ವಸ್ತುವಲ್ಲ. ಒಂದು ಮಣ್ಣು ತಿಗರಿಯಲ್ಲಿ ಏಳುತ್ತದೆ, ಒಂದು ಏಳದು. ಒಂದು ಆವಿಗೆಯ ಕಾವನ್ನು ತಾಳುತ್ತದೆ, ಒಂದು ಬಿರಿಯುತ್ತದೆ. ಅದನ್ನು ಸೋಸಿ, ನಾದಿ, ಕಾದು, ಹದಕ್ಕೆ ತರುವುದರಲ್ಲಿಯೇ ಕುಂಬಾರನ ದಿನ ಕಳೆಯುತ್ತದೆ. ಒಡೆಯುವುದಕ್ಕೆಂದೇ ಗಡಿಗೆ ಮಾಡುವ ಕುಂಬಾರನಿಲ್ಲ. ಜಿನೀವಾದ ವಕೀಲಶಿಕ್ಷಣದ ಪಂಡಿತನಿಗೆ ಕುಂಬಾರನಲ್ಲಿ ಕಂಡದ್ದು ಹಕ್ಕು. ಕಸುಬಿನವನಿಗೆ ಕಾಣುವುದು ಶ್ರಮ. ಹರಿಹರನ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಈ ರೂಪಕ ಪೂರ್ಣ ತಿರುಗುತ್ತದೆ. ಅಲ್ಲಿ ಕುಂಬಾರನು ದೇವರ ಸ್ಥಾನದಲ್ಲಿಲ್ಲ, ಭಕ್ತನ ಸ್ಥಾನದಲ್ಲಿದ್ದಾನೆ. ಅವನು ಗಡಿಗೆಯನ್ನು ಬಾರಿಸಿದರೆ ಶಿವನೇ ಕುಣಿಯುತ್ತಾನೆ. ಈ ರಗಳೆಯನ್ನು ಬಲ್ಲ ಕನ್ನಡಿಗನು ಪೌಲನ ಕುಂಬಾರನನ್ನು ಬರಿಯ ದಂಡಾಧಿಕಾರಿಯಾಗಿ ಕಲ್ಪಿಸಿಕೊಳ್ಳುವುದು ಕಷ್ಟ.

ಪೌಲನ ವ್ಯಾಕರಣವೂ ಇದಕ್ಕೆ ಪೂರಕ. ಕರುಣೆಯ ಪಾತ್ರೆಗಳನ್ನು ದೇವರು ಮುಂಚಿತವಾಗಿ ಸಿದ್ಧಮಾಡಿದನೆಂದು ಅವನು ಕರ್ತೃವನ್ನು ಸ್ಪಷ್ಟವಾಗಿ ಇಟ್ಟು ಹೇಳುತ್ತಾನೆ. ಕೋಪದ ಪಾತ್ರೆಗಳ ವಿಷಯದಲ್ಲಿ ಕರ್ತೃವಿಲ್ಲ. ಅವು ನಾಶಕ್ಕೆ ಸಿದ್ಧವಾಗಿವೆ, ಅಷ್ಟೆ. 'ಸಿದ್ಧಮಾಡಿದ', 'ಸಿದ್ಧವಾದ' ಎಂಬ ಎರಡು ರೂಪಗಳಿರುವ ಕನ್ನಡದಲ್ಲಿ ಈ ಭೇದವನ್ನು ಕರ್ಮಣಿಪ್ರಯೋಗದ ಹಂಗಿಲ್ಲದೆ ಉಳಿಸಬಹುದು. ಫರೋಹನ ಹೃದಯ ಕಠಿಣವಾದ ಪ್ರಸಂಗದಲ್ಲಿಯೂ ವಿಮೋಚನಕಾಂಡ ಎರಡು ರೀತಿಯಾಗಿ ಹೇಳುತ್ತದೆ: ಕೆಲವೆಡೆ ಫರೋಹನೇ ತನ್ನ ಹೃದಯವನ್ನು ಕಠಿಣಮಾಡಿಕೊಂಡನು, ಕೆಲವೆಡೆ ದೇವರು ಕಠಿಣಮಾಡಿದನು. ಎರಡರಲ್ಲಿ ಒಂದನ್ನು ಪ್ರಮಾಣವಾಗಿ ಹಿಡಿದು ಇನ್ನೊಂದನ್ನು ಗೌಣಗೊಳಿಸುವುದೇ ಎರಡೂ ಪಕ್ಷಗಳ ಅಭ್ಯಾಸ.

ತಾತ್ಪರ್ಯನಿರ್ಣಯಕ್ಕೆ ನಮ್ಮ ಮೀಮಾಂಸಕರು ಆರು ಲಿಂಗಗಳನ್ನು ಹೇಳಿದ್ದಾರೆ: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಬೈಬಲಿನ ವಿವಾದಗ್ರಸ್ತ ಭಾಗಕ್ಕೆ ಇವನ್ನು ಹಚ್ಚಿ ನೋಡುವುದರಲ್ಲಿ ತಪ್ಪೇನೂ ಇಲ್ಲ. ಪೌಲನ ಪ್ರಕರಣ 9ನೆಯ ಅಧ್ಯಾಯದಿಂದ 11ನೆಯ ಅಧ್ಯಾಯದವರೆಗೆ ಒಂದು. ಅದರ ಉಪಕ್ರಮ ತನ್ನ ಸ್ವಜನರಾದ ಇಸ್ರಾಯೇಲರಿಗಾಗಿ ಅವನು ಪಡುವ ದುಃಖ. ಅದರ ಉಪಸಂಹಾರ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಒಟ್ಟಾಗಿ ಮುಚ್ಚಿಹಾಕಿದ್ದು ಎಲ್ಲರ ಮೇಲೂ ಕರುಣೆ ತೋರುವುದಕ್ಕೆ ಎಂಬ ಘೋಷಣೆ. ನಡುವೆ ಪದೇಪದೇ ಬರುವ ಅಭ್ಯಾಸ ಯೆಹೂದ್ಯ, ಅನ್ಯಜನ ಎಂಬ ಸಮುದಾಯಗಳದ್ದು. ಯಾಕೋಬ–ಏಸಾವರ ಮಾತು ಬರುವ ಆದಿಕಾಂಡದಲ್ಲಿಯೇ ಗರ್ಭದಲ್ಲಿರುವುದು ಎರಡು ಜನಾಂಗಗಳೆಂದು ಹೇಳಿದೆ. ಪೌಲನು ಉದ್ಧರಿಸುವ ಮಲಾಕಿಯಲ್ಲಿಯೂ ಅವು ದೇಶಗಳ ಹೆಸರು. ಅಪೂರ್ವತೆ ಎಣ್ಣೆಮರಕ್ಕೆ ಕಾಡುಕೊಂಬೆಯನ್ನು ಕಸಿಕಟ್ಟಿದ ದೃಷ್ಟಾಂತದಲ್ಲಿದೆ. ಕಸಿಕಟ್ಟಿದ ಕೊಂಬೆಯೂ ಗರ್ವಪಟ್ಟರೆ ಕಡಿಯಲ್ಪಡಬಹುದು, ಕಡಿದುಬಿದ್ದದ್ದೂ ಮತ್ತೆ ಕೂಡಬಹುದು ಎಂಬ ಮಾತು ಅಲ್ಲಿದೆ. ಒಬ್ಬೊಬ್ಬ ವ್ಯಕ್ತಿಯ ನಿತ್ಯನಾಶವನ್ನು ಈ ಪ್ರಕರಣದ ತಾತ್ಪರ್ಯವಾಗಿ ಹಿಡಿಯುವ ವ್ಯಾಖ್ಯಾನ ಉಪಸಂಹಾರಕ್ಕೆ ವಿರೋಧವಾಗುತ್ತದೆ. ಪಾಶ್ಚಾತ್ಯ ವಿದ್ವತ್ತು ಈ ನಿಲುವಿನ ಹತ್ತಿರಕ್ಕೆ ಬಂದದ್ದು 20ನೆಯ ಶತಮಾನದಲ್ಲಿ. ಕಾರ್ಲ್ ಬಾರ್ತ್ 1942ರ ತನ್ನ ಸಂಪುಟದಲ್ಲಿ ಆರಿಸಲ್ಪಟ್ಟವನೂ ತಳ್ಳಲ್ಪಟ್ಟವನೂ ಕ್ರಿಸ್ತನೊಬ್ಬನೇ ಎಂದು ಕಾಲ್ವಿನನ ಸಿದ್ಧಾಂತವನ್ನು ಒಳಗಿನಿಂದಲೇ ತಿರುಗಿಸಿದನು. ಸ್ವೀಡನ್ನಿನ ಸ್ಟೆಂಡಾಲ್ ಪೌಲನ ಚಿಂತೆ ವ್ಯಕ್ತಿಯ ಅಂತಃಸಾಕ್ಷಿಯದ್ದಲ್ಲ, ಜನಾಂಗಗಳದ್ದೆಂದು ತೋರಿಸಿದನು.

ಹಾಗೆಂದು ವೆಸ್ಲಿಯ ಪಕ್ಷಕ್ಕೆ ಪೂರ್ಣ ಜಯವೆಂದು ಬರೆಯಲು ನಾನು ಸಿದ್ಧನಿಲ್ಲ. ಆರಿಸಿದ್ದು ನಂಬಿಕೆಯನ್ನು ಮುಂಚೆ ಕಂಡುದರಿಂದ ಎಂದರೆ ನಂಬಿಕೆ ಒಂದು ಯೋಗ್ಯತೆಯಾಗಿ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಯೋಗ್ಯತೆಯೆಂಬ ಮಾತು ಕನ್ನಡ ಹಳ್ಳಿಯಲ್ಲಿ ಯಾರ ಕೈಯಲ್ಲಿತ್ತು, ಅದನ್ನು ಅಳೆಯುವ ಕೋಲು ಯಾರದಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಧರ್ಮೋಪದೇಶಕಾಂಡದ 7ನೆಯ ಅಧ್ಯಾಯದಲ್ಲಿ ಇಸ್ರಾಯೇಲರಿಗೆ, ನೀವು ಸಂಖ್ಯೆಯಲ್ಲಿ ಹೆಚ್ಚಿನವರೆಂದು ಆರಿಸಲ್ಪಟ್ಟವರಲ್ಲ, ಎಲ್ಲರಿಗಿಂತ ಅಲ್ಪರಾಗಿದ್ದಿರಿ ಎಂಬ ಅರ್ಥದ ಮಾತಿದೆ. 1981ರಲ್ಲಿ ಬೆಂಗಳೂರಿನ ಸಂಯುಕ್ತ ದೈವಜ್ಞಾನ ಕಾಲೇಜಿನಲ್ಲಿ ಅರವಿಂದ ನಿರ್ಮಲರು ಶೂದ್ರ ದೈವಶಾಸ್ತ್ರದ ಕಡೆಗೆ ಎಂಬ ಉಪನ್ಯಾಸ ಮಾಡಿದರು; ಮುಂದೆ ದಲಿತ ದೈವಶಾಸ್ತ್ರವೆಂದು ಬೆಳೆದ ಚಿಂತನೆಗೆ ಅದು ಮೊದಲ ಹೆಜ್ಜೆಗಳಲ್ಲಿ ಒಂದು. ಅದೇ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಅಲೆಮಾರಿ ಪಿತೃವಿನ ನೆನಪನ್ನು ನಿರ್ಮಲರು ದಲಿತರ ನೆನಪಾಗಿ ಓದಿದರು. ಅವರ ಓದಿನಲ್ಲಿ ಆಯ್ಕೆಯೆಂಬುದು ಉಳಿದವರನ್ನು ಹೊರಗಿಡುವ ಬೇಲಿಯಾಗದೆ, ಯಾವ ಯೋಗ್ಯತೆಯ ಪತ್ರವನ್ನೂ ಕೇಳದೆ ಬಂದ ಕರೆಯಾಗುತ್ತದೆ. ಮನುಷ್ಯನ ಇಚ್ಛೆಯಿಂದಲ್ಲ, ಪ್ರಯತ್ನದಿಂದಲ್ಲ, ಕರುಣೆಯಿಂದ ಎಂಬ ಪೌಲನ ಮಾತಿನ ಮೇಲೆ ಕಾಲ್ವಿನ್ ಪಕ್ಷದವರು ಹಿಡಿದ ಹಠಕ್ಕೆ ಈ ನೆಲೆಯಲ್ಲಿ ಇನ್ನೂ ಕೆಲಸವಿದೆ. 17ನೆಯ ವಿಧಿಯನ್ನು ಕೈಬಿಟ್ಟ ಮೆಥೊಡಿಸ್ಟ್ ಸಭೆ 1981ರಲ್ಲಿಯೇ ಭಾರತದಲ್ಲಿ ಸ್ವಾಯತ್ತವಾಯಿತು. ಬೆಳಗಾವಿಯ ಅದರ ಪೀಠಗಳ ಮೇಲೆ ಇಂದಿಗೂ ತೆರೆದಿರುವ ಕನ್ನಡ ಸತ್ಯವೇದದಲ್ಲಿ 'ನೇಮಿಸಿದನು' ಎಂಬ ಪದ ಇದ್ದಲ್ಲಿಯೇ ಇದೆ.